ಗಾಳಿಗೆ ದಾರಿ ಬಿಡಿ

ಹ್ಯಾಮ್ ರೇಡಿಯೋ ಇಟ್ಟುಕೊಂಡ ಕೋಣೆಗೆ ಮೊದಲ ಸಲ ಬಂದವರು ಸಿನಿಮಾದಲ್ಲಿ ಕೇಳಿದ ಟೆಲಿಗ್ರಾಫಿನ ‘ಕಟ್ಟ ಕಡ’ ಸದ್ದಿಗೆ ಕಿವಿಯೊಡ್ಡಿ ಕೂರುತ್ತಾರೆ. ಅವರಿಗೆ ಕೇಳಿಸುವುದು ಫ್ಯಾನು. “ಇದೇನು ಇಷ್ಟು ಸದ್ದು?” ಅಂತ ಅವರು ಕೇಳಿದರೆ ನಾವು “ಯಾವ ಸದ್ದು?” ಅನ್ನುತ್ತೇವೆ. ದಿನವೂ ಅದರ ಪಕ್ಕ ಕೂತವರಿಗೆ ಅದು ಕೇಳಿಸುವುದೇ ನಿಂತುಹೋಗಿರುತ್ತದೆ. ಕಿವಿ ಮರೆತರೂ ಮೈಕು ಮರೆಯುವುದಿಲ್ಲ. ಇಟಲಿಯಲ್ಲೋ ಜಪಾನಿನಲ್ಲೋ ಕೂತು ನಮ್ಮ ದನಿಗೆ ಕಾಯುತ್ತಿರುವವರಿಗೆ ನಮಗಿಂತ ಮೊದಲು ನಮ್ಮ ಫ್ಯಾನಿನ ಪರಿಚಯವಾಗಿರುತ್ತದೆ.

ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ಮನೆಯಲ್ಲೇ ಸ್ಟೇಷನ್ ಕಟ್ಟಿಕೊಂಡು, ಪ್ರಪಂಚದ ಬೇರೆ ಹವ್ಯಾಸಿಗಳ ಜೊತೆ ರೇಡಿಯೋದಲ್ಲಿ ಮಾತಾಡುವುದು ನಮ್ಮ ಹವ್ಯಾಸ. ಮೇಜಿನ ಮೇಲಿನ ಸೆಟ್ಟು ಸಾಮಾನ್ಯವಾಗಿ 100 ವಾಟ್ ಕೊಡುತ್ತದೆ. ಅದು ಸಾಲದು ಅನಿಸಿದವರು ಸೆಟ್ಟಿಗೂ ಆಂಟೆನಾಗೂ ನಡುವೆ ಒಂದು ಆಂಪ್ಲಿಫೈಯರ್ ಇಡುತ್ತಾರೆ. ನಮ್ಮ ಬಾಯಲ್ಲಿ ಅದು ‘ಲೀನಿಯರ್’. ನಮ್ಮ ದೇಶದಲ್ಲಿ ಜನರಲ್ ದರ್ಜೆಯ ಲೈಸೆನ್ಸಿಗೆ ಮೇಲ್ಮಿತಿ 400 ವಾಟ್. ಅಮೆರಿಕದಲ್ಲಿ 1500.

100 ವಾಟನ್ನು 400 ಮಾಡಿದರೆ ಸಿಗುವುದು 6 ಡೆಸಿಬೆಲ್. ಆಚೆ ತುದಿಯವರ ಮೀಟರಿನ ಮುಳ್ಳು ಒಂದೇ ಒಂದು ಎಸ್-ಯೂನಿಟ್ ಮೇಲೇಳುತ್ತದೆ, ಅಷ್ಟೇ. ಅದೇನೂ ಕಡಿಮೆಯಲ್ಲ, ಗದ್ದಲದ ಬ್ಯಾಂಡಿನಲ್ಲಿ ಆ ಒಂದು ಮೆಟ್ಟಿಲಿಗಾಗಿಯೇ ಜನ ಸಾಲ ಮಾಡಿ ಲೀನಿಯರ್ ತರುತ್ತಾರೆ. ಆದರೆ ಅದರ ಫ್ಯಾನಿನ ಭೋರ್ಗರೆತದಲ್ಲಿ ಅತ್ತಲಿಂದ ಬರುವ ಸಣ್ಣ ದನಿ ಅಷ್ಟೇ ಮುಳುಗಿಹೋದರೆ ಲೆಕ್ಕ ಸೊನ್ನೆಗೇ ಬಂತು. ಎಲ್ಲರಿಗೂ ಕೇಳಿಸುವ, ಯಾರ ದನಿಯೂ ಕೇಳಿಸಿಕೊಳ್ಳದ ಸ್ಟೇಷನ್ನನ್ನು ಹ್ಯಾಮ್‌ಗಳು ‘ಮೊಸಳೆ’ ಎಂದು ಆಡಿಕೊಳ್ಳುತ್ತಾರೆ. ದೊಡ್ಡ ಬಾಯಿ, ಇಲ್ಲದ ಕಿವಿ.

ನಾನು ಸೇವೆ ಸಲ್ಲಿಸಿದ್ದು ಟೆಲಿಫೋನ್ ಎಕ್ಸ್‌ಚೇಂಜುಗಳ ನಿರ್ವಹಣೆಯಲ್ಲಿ. ಹಳೆಯ ಯಾಂತ್ರಿಕ ಎಕ್ಸ್‌ಚೇಂಜಿನಲ್ಲಿ ಯಾವ ಸಾಲಿನ ಸೆಲೆಕ್ಟರ್ ಎಡವುತ್ತಿದೆ ಎನ್ನುವುದನ್ನು ಹಿರಿಯರು ಬಾಗಿಲಲ್ಲೇ ನಿಂತು, ಸದ್ದು ಕೇಳಿಯೇ ಹೇಳುತ್ತಿದ್ದರು. ಆಮೇಲೆ ಬಂದ ಡಿಜಿಟಲ್ ಎಕ್ಸ್‌ಚೇಂಜುಗಳು ಏಸಿ ಇಲ್ಲದೆ ಉಸಿರಾಡುತ್ತಿರಲಿಲ್ಲ. ಅದರ ನಡುವೆ ಸಿ-ಡಾಟ್ ಸಂಸ್ಥೆಯವರು ಹಳ್ಳಿಗಳಿಗೆಂದು ಮಾಡಿದ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜ್ ಬಂತು. ಮೊದಲನೆಯದನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಹೂಡಿದರು. ಅದಕ್ಕೆ ಏಸಿ ಬೇಕಿರಲಿಲ್ಲ. ಬಿಸಿ ಗಾಳಿ ತಾನಾಗಿ ಮೇಲೇರುತ್ತದೆ, ಅದಕ್ಕೆ ಅಡ್ಡ ಬರಬೇಡಿ ಎಂಬ ಧೋರಣೆಯಲ್ಲಿ ಕಟ್ಟಿದ ಯಂತ್ರ. ಇವತ್ತು ಒಂದೊಂದು ಪೆಟ್ಟಿಗೆಗೂ ನಾಲ್ಕು ಫ್ಯಾನು ಜಡಿಯುವ ಎಂಜಿನಿಯರುಗಳನ್ನು ಕಂಡಾಗ ಆ ಪುಟ್ಟ ಎಕ್ಸ್‌ಚೇಂಜನ್ನು ತೋರಿಸಬೇಕು ಅನಿಸುತ್ತದೆ.

ಲೀನಿಯರ್ ಅಷ್ಟು ಸಾಧು ಪ್ರಾಣಿಯಲ್ಲ, ನಿಜ. ನನ್ನ ಹತ್ತಿರ ಇರುವುದು ಹಿರಿಯ ಹ್ಯಾಮ್ ಒಬ್ಬರು ತಮ್ಮ ಕೈಯಾರೆ ಕಟ್ಟಿದ್ದು. ಒಳಗೆ ಒಂದೇ ಒಂದು 3-500ಝಡ್ ಎಂಬ ಗಾಜಿನ ವಾಲ್ವು. ಇದನ್ನು ರೂಪಿಸಿದ ಐಮ್ಯಾಕ್ ಕಂಪನಿಯನ್ನು 1934ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಬಿಲ್ ಐಟೆಲ್ ಮತ್ತು ಜ್ಯಾಕ್ ಮೆಕಲ್ಲೋ ಇಬ್ಬರೂ ಹ್ಯಾಮ್‌ಗಳೇ. ಈ ವಾಲ್ವಿನ ಪ್ಲೇಟು 500 ವಾಟ್‌ವರೆಗೆ ಶಾಖ ತಾಳಿಕೊಳ್ಳುತ್ತದೆ. ಜೋರಾಗಿ ದುಡಿಸಿದಾಗ ಪ್ಲೇಟು ಮಂಕಾಗಿ ಕೆಂಪಗಾಗುತ್ತದೆ. ಹೊಸಬರು ಗಾಬರಿಯಾಗುತ್ತಾರೆ, ಆದರೆ ಅದು ಹಾಗೇ ಇರಬೇಕಾದ್ದು. ಶಾಖದ ದೊಡ್ಡ ಪಾಲು ಗಾಜನ್ನು ದಾಟಿ ವಿಕಿರಣವಾಗಿ ಹೊರಬೀಳುತ್ತದೆ. ಗಾಳಿ ಬೇಕಾಗಿರುವುದು ಮುಖ್ಯವಾಗಿ ಗಾಜು ಮತ್ತು ಲೋಹ ಕೂಡುವ ಕಡೆ: ಮೇಲೆ ಪ್ಲೇಟಿನ ಟೋಪಿ, ಕೆಳಗೆ ಬುಡದ ಪಿನ್ನುಗಳು. ಫಿಲಮೆಂಟ್ ಒಂದಕ್ಕೇ 5 ವೋಲ್ಟಿನಲ್ಲಿ 14.5 ಆಂಪಿಯರ್ ಬೇಕು, ಅಂದರೆ 72 ವಾಟ್. ನಾವು ಮಾತಾಡಲಿ ಬಿಡಲಿ, ಸ್ವಿಚ್ ಹಾಕಿದ ಗಳಿಗೆಯಿಂದ ಅಷ್ಟು ಶಾಖ ಬುಡದ ಹತ್ತಿರ ಹುಟ್ಟುತ್ತಲೇ ಇರುತ್ತದೆ. ಸಾಕಷ್ಟು ಗಾಳಿಯಿಲ್ಲದೆ ದುಡಿದ ವಾಲ್ವುಗಳಲ್ಲಿ ಪಿನ್ನಿನೊಳಗಿನ ಬೆಸುಗೆ ಕರಗಿ ಸಂಪರ್ಕ ತಪ್ಪುವುದು ಹಳೆಯ ಕಾಯಿಲೆ. ಆದ್ದರಿಂದ ವಾಲ್ವಿನ ಲೀನಿಯರ್‌ನಲ್ಲಿ “ಕೇಳುವಾಗ ಫ್ಯಾನ್ ಆಫ್ ಮಾಡಿಬಿಡೋಣ” ಎಂಬ ಸುಲಭದ ಉಪಾಯ ನಡೆಯುವುದಿಲ್ಲ.

ಎಷ್ಟು ಗಾಳಿ ಬೇಕು? ಇದಕ್ಕೆ ಸರಳವಾದ ಲೆಕ್ಕವಿದೆ. ಹೊರಹಾಕಬೇಕಾದ ಶಾಖವನ್ನು ವಾಟ್‌ನಲ್ಲಿ ಬರೆಯಿರಿ. ಒಳಗೆ ಬರುವ ಗಾಳಿಗಿಂತ ಹೊರಗೆ ಹೋಗುವ ಗಾಳಿ ಎಷ್ಟು ಡಿಗ್ರಿ ಬಿಸಿಯಾಗಿರಬಹುದು ಎಂದು ತೀರ್ಮಾನಿಸಿ, ಅದನ್ನು 1.2ರಿಂದ ಗುಣಿಸಿ, ವಾಟನ್ನು ಅದರಿಂದ ಭಾಗಿಸಿ. ಬರುವ ಉತ್ತರ ಸೆಕೆಂಡಿಗೆ ಇಷ್ಟು ಲೀಟರ್ ಗಾಳಿ. 300 ವಾಟ್ ಶಾಖ, 20 ಡಿಗ್ರಿ ಏರಿಕೆ ಎಂದಿಟ್ಟುಕೊಂಡರೆ ಹನ್ನೆರಡೂವರೆ ಲೀಟರ್. ಸ್ನಾನದ ಮನೆಯ ಒಂದು ಬಕೆಟ್ಟಿನಷ್ಟು ಗಾಳಿ, ಪ್ರತಿ ಸೆಕೆಂಡಿಗೆ. ಅಂಗಡಿಯವರ ಭಾಷೆಯಲ್ಲಿ ಸುಮಾರು 26 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ.

ಇದು ಸಮುದ್ರಮಟ್ಟದ ಲೆಕ್ಕ. ನಾನಿರುವ ಮೈಸೂರು 760 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 920ರ ಆಸುಪಾಸು. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ತೆಳು. ಫ್ಯಾನು ತಳ್ಳುವುದು ಗಾತ್ರವನ್ನು, ಶಾಖ ಹೊರುವುದು ತೂಕ. ಹಾಗಾಗಿ ಘಟ್ಟದ ಮೇಲಿನವರು ಒಂದು ಹಿಡಿ ಹೆಚ್ಚಿಗೆ ಹಾಕಿಕೊಳ್ಳಬೇಕು. ಅಮೆರಿಕದಿಂದ ತಂದ ಹಳೆಯ ಲೀನಿಯರ್ ಇದ್ದರೆ ಇನ್ನೂ ಒಂದು ಮರೆವಿದೆ. ಅದರ ಏಸಿ ಫ್ಯಾನು ಅಲ್ಲಿಯ 60 ಹರ್ಟ್ಸ್ ಕರೆಂಟಿಗೆ ಮಾಡಿದ್ದು. ನಮ್ಮ 50 ಹರ್ಟ್ಸ್‌ನಲ್ಲಿ ಅದು ಆರನೇ ಒಂದು ಭಾಗ ನಿಧಾನ ತಿರುಗುತ್ತದೆ. “ನಮ್ಮ ಊರಿಗೆ ಬಂದ ಮೇಲೆ ಸದ್ದು ಕಡಿಮೆಯಾಯ್ತು” ಎಂದು ಖುಷಿಪಡುವವರು ಗಾಳಿಯೂ ಕಡಿಮೆಯಾಗಿದೆ ಎನ್ನುವುದನ್ನು ನೋಡಿರುವುದಿಲ್ಲ.

ಈಗ ಸದ್ದಿನ ವಿಚಾರ. ಸದ್ದು ಅಂದ ತಕ್ಷಣ ಜನ ಫ್ಯಾನನ್ನು ಬೈಯುತ್ತಾರೆ, ಹೊಸ ಫ್ಯಾನು ತರುತ್ತಾರೆ, ಅದೇ ಜಾಗದಲ್ಲಿ ಕೂರಿಸುತ್ತಾರೆ, ಸದ್ದು ಹಾಗೇ ಇರುತ್ತದೆ. ಫ್ಯಾನು ಬಿಚ್ಚಿ ಮೇಜಿನ ಮೇಲೆ 12 ವೋಲ್ಟ್ ಬ್ಯಾಟರಿಗೆ ಹಾಕಿ, ಚೌಕಟ್ಟನ್ನು ಬೆರಳಲ್ಲಿ ಹಿಡಿದು ಒಮ್ಮೆ ಕೇಳಿ ನೋಡಿ. ಪೆಟ್ಟಿಗೆಯೊಳಗೆ ಅಬ್ಬರಿಸುತ್ತಿದ್ದ ಫ್ಯಾನು ಕೈಯಲ್ಲಿ ಮೃದುವಾಗಿ ಸುಯ್ ಅನ್ನುತ್ತದೆ. ಹಾಗೇ ಅದನ್ನು ಮೇಜಿನ ಹಲಗೆಗೆ ಒತ್ತಿ, ಹಲಗೆಯೂ ಜೊತೆಗೆ ಹಾಡುತ್ತದೆ. ಮತ್ತೆ ಎತ್ತಿ, ಗಾಳಿ ಒಳಗೆ ಹೋಗುವ ಕಡೆಗೆ ಒಂದು ತೂತಿನ ತಗಡನ್ನು ನಿಧಾನವಾಗಿ ಹತ್ತಿರ ತನ್ನಿ. ತಗಡು ರೆಕ್ಕೆಯ ಸಮೀಪ ಬಂದ ಹಾಗೆ ಸುಯ್ ಹೋಗಿ ಸೈರನ್ ಶುರುವಾಗುತ್ತದೆ. ನನ್ನ ಪ್ರಕಾರ ಈ ವಿಷಯದಲ್ಲಿ ಕಲಿಯಬೇಕಾದ ಮುಕ್ಕಾಲು ಪಾಲು ಈ ಒಂದು ಪರೀಕ್ಷೆಯಲ್ಲೇ ಇದೆ. ಫ್ಯಾನು ಮಾಡುವ ಸದ್ದು ಸ್ವಲ್ಪ. ಹೆಚ್ಚಿನದು ಗಾಳಿಯನ್ನು ನಾವು ಕಿರುಕುಳ ಕೊಟ್ಟು ಕೂಗಿಸಿದ್ದು.

ಕಾರಣ ಕಷ್ಟದ್ದಲ್ಲ. ಪ್ರತಿ ರೆಕ್ಕೆಯೂ ಒಂದು ಅಡ್ಡಿಯನ್ನು ದಾಟುವಾಗ ಗಾಳಿಗೆ ಒಂದು ಏಟು ಬೀಳುತ್ತದೆ. ನಿಮಿಷಕ್ಕೆ 2700 ಸುತ್ತು ತಿರುಗುವ ಏಳು ರೆಕ್ಕೆಯ ಫ್ಯಾನು ಸೆಕೆಂಡಿಗೆ 315 ಏಟು ಹೊಡೆಯುತ್ತದೆ. ನಮ್ಮ ಎಸ್‌ಎಸ್‌ಬಿ ಸೆಟ್ಟುಗಳು ದನಿಯಲ್ಲಿ ಸುಮಾರು 300ರಿಂದ 2700 ಹರ್ಟ್ಸ್‌ವರೆಗಿನದನ್ನು ಮಾತ್ರ ಹೊರಬಿಡುತ್ತವೆ. 315 ಸರಿಯಾಗಿ ಬಾಗಿಲೊಳಗೆ ಕಾಲಿಟ್ಟಿರುವ ಸ್ವರ. ಅದೇ ಫ್ಯಾನನ್ನು ಅರ್ಧ ವೇಗಕ್ಕೆ ಇಳಿಸಿದರೆ ಏಟು 157ಕ್ಕೆ ಇಳಿದು ಆ ಮೂಲಸ್ವರ ಬಾಗಿಲಾಚೆಗೇ ಉಳಿಯುತ್ತದೆ. ವೇಗ ಇಳಿಸುವುದರ ಲಾಭ ಅಷ್ಟಕ್ಕೇ ನಿಲ್ಲುವುದಿಲ್ಲ. ಫ್ಯಾನಿನ ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಅರ್ಧವಾದಂತೆ ಕೇಳಿಸುತ್ತದೆ, ಹಾಗಾಗಿ ಇದು ದೊಡ್ಡ ಉಳಿತಾಯ.

ಆದರೆ ವೇಗ ಅರ್ಧವಾದರೆ ಗಾಳಿಯೂ ಅರ್ಧ. ಅಲ್ಲಿಗೆ ದೊಡ್ಡ ಫ್ಯಾನಿನ ಮಾತು ಬರುತ್ತದೆ. 80 ಮಿಲಿಮೀಟರಿನ ಫ್ಯಾನು ತೆಗೆದು ಅದೇ ವಿನ್ಯಾಸದ 120 ಮಿಲಿಮೀಟರಿನದು ಹಾಕಿದರೆ ಅಷ್ಟೇ ಗಾಳಿಗೆ ಮೂರನೇ ಒಂದಕ್ಕಿಂತಲೂ ಕಡಿಮೆ ವೇಗ ಸಾಕು, ಸದ್ದಿನಲ್ಲಿ ಲೆಕ್ಕದ ಪ್ರಕಾರ 14 ಡೆಸಿಬೆಲ್ ಉಳಿತಾಯ. ಹ್ಯಾಮ್‌ಗಳ ನಡುವೆ ಈ ಸಲಹೆ ಎಷ್ಟು ಜನಪ್ರಿಯವೆಂದರೆ ಎಲ್ಲರೂ ಇಲ್ಲಿಗೇ ಮಾತು ಮುಗಿಸುತ್ತಾರೆ. ಅದರ ಮುಂದಿನ ಸಾಲು ಇನ್ನೂ ಮುಖ್ಯ. ಆ ನಿಧಾನದ ದೊಡ್ಡ ಫ್ಯಾನು ಹುಟ್ಟಿಸುವ ಒತ್ತಡ ಮೊದಲಿನದರ ಐದನೇ ಒಂದು ಭಾಗ ಮಾತ್ರ. ದಾರಿ ತೆರೆದಿದ್ದರೆ ಅದು ಸಾಕು. ಪೆಟ್ಟಿಗೆಯೊಳಗೆ ಸಣ್ಣ ತೂತಿನ ತಗಡು, ಅಡ್ಡ ನಿಂತ ಟ್ರಾನ್ಸ್‌ಫಾರ್ಮರ್, ವೈರಿನ ಗೊಂಚಲು, ಹಿಂದೆ ಗೋಡೆ, ಇಷ್ಟೆಲ್ಲ ಇದ್ದರೆ ಆ ಫ್ಯಾನು ಹೆಸರಿಗೆ ತಿರುಗುತ್ತದೆ, ಗಾಳಿ ಕದಲುವುದಿಲ್ಲ. ಕೋಣೆ ನಿಶ್ಶಬ್ದವಾಗಿರುತ್ತದೆ, ವಾಲ್ವು ಬೇಯುತ್ತಿರುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಫ್ಯಾನು ಕೊಳ್ಳಲು ಹೋದಾಗ ನಡೆದ ಸಂಭಾಷಣೆ ಇದು.

“ಎಷ್ಟು ಸಿಎಫ್‌ಎಂ ಇದು?”

“ಫುಲ್ ಗಾಳಿ ಬರುತ್ತೆ ಅಮ್ಮಾ, ಕೈ ಇಟ್ಟು ನೋಡಿ.”

“ಮುಂದೆ ಜಾಲರಿ ಇಟ್ಟರೆ?”

“ಜಾಲರಿ ಯಾಕೆ ಇಡ್ತೀರಾ ಅಮ್ಮಾ?”

ಅವನ ಪ್ರಶ್ನೆಯೇ ಸರಿಯಾದದ್ದು. ಡಬ್ಬಿಯ ಮೇಲೆ ಬರೆದ ಅಂಕಿ ಮುಂದೆ ಹಿಂದೆ ಏನೂ ಇಲ್ಲದೆ ಬಯಲಲ್ಲಿ ತಿರುಗುವ ಫ್ಯಾನಿನದು. ಪೆಟ್ಟಿಗೆಯೊಳಗೆ ಸೇರಿಸಿದ ಮೇಲೆ ಅದರ ಅರ್ಧ ಸಿಕ್ಕರೂ ನಾನು ತೃಪ್ತಳು.

ನನ್ನ ಲೀನಿಯರಿನ ಹಿಂಬದಿಯಲ್ಲಿ ತಗಡಿಗೇ ಕೊರೆದ ಸಣ್ಣ ತೂತುಗಳ ಜಾಲರಿಯಿತ್ತು, ಅದಕ್ಕೆ ಅಂಟಿಕೊಂಡಂತೆ ಫ್ಯಾನು. ಬಿಚ್ಚುವ ಮುನ್ನ ಒಂದು ಎಚ್ಚರಿಕೆ. ಈ ಪೆಟ್ಟಿಗೆಗಳಲ್ಲಿ ಎರಡೂವರೆ ಮೂರು ಸಾವಿರ ವೋಲ್ಟ್ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಅದು ಶಾಕ್ ಹೊಡೆಯುವ ಮಾತಲ್ಲ, ಸಾಯಿಸುವ ಮಾತು. ಪ್ಲಗ್ ಕಿತ್ತು, ಕಾದು, ಉದ್ದ ಹಿಡಿಕೆಯ ಕೋಲಿನಿಂದ ಅರ್ತ್ ಮುಟ್ಟಿಸಿ ಖಾತ್ರಿ ಮಾಡಿಕೊಂಡ ಮೇಲೆ ಕೈ ಹಾಕಬೇಕು. ಅದರ ಅನುಭವವಿಲ್ಲದವರು ಗೊತ್ತಿದ್ದವರನ್ನು ಜೊತೆಗೆ ಕೂರಿಸಿಕೊಳ್ಳಲೇಬೇಕು.

ಕೆಲಸ ಶುರು ಮಾಡುವ ಮೊದಲು ಆಗಿನ ಸ್ಥಿತಿಯನ್ನು ಬರೆದಿಟ್ಟುಕೊಂಡೆ. ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ, ದಿನನಿತ್ಯದ ಶಕ್ತಿಯಲ್ಲಿ ಓಡಿಸಿ, ಒಳಹೋಗುವ ಗಾಳಿಯ ಉಷ್ಣತೆ ಎಷ್ಟು, ಹೊರಬರುವ ಗಾಳಿಯದು ಎಷ್ಟು. ಮಲ್ಟಿಮೀಟರಿನ ಜೊತೆ ಬರುವ ಥರ್ಮೋಕಪಲ್ ವೈರು ಪೆಟ್ಟಿಗೆಯ ಹೊರಗೆ, ಗಾಳಿ ಬರುವ ಕಿಂಡಿಯ ಮುಂದೆ ಇದ್ದರೆ ಸಾಕು. ಒಳಗೆ ತೂರಿಸಬೇಡಿ. ಅಂಗಡಿಗಳಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಬಗೆಯ ಇನ್‌ಫ್ರಾರೆಡ್ ಥರ್ಮಾಮೀಟರಿಗೆ ಗಾಜಿನ ಆಚೆಗಿನ ಪ್ಲೇಟು ಕಾಣುವುದಿಲ್ಲ, ಅದು ತೋರಿಸುವುದು ಗಾಜಿನ ಬಿಸಿ. ಯಾವ ಬದಲಾವಣೆ ಮಾಡಿದರೂ ಒಳಹೋಗುವ ಮತ್ತು ಹೊರಬರುವ ಗಾಳಿಯ ಉಷ್ಣತೆಗಳ ಅಂತರ ಹೆಚ್ಚಾಗಕೂಡದು. ಹೆಚ್ಚಾಯಿತೋ, ನಾವು ಸದ್ದನ್ನು ಇಳಿಸಿದ್ದಲ್ಲ, ಗಾಳಿಯನ್ನು ಕದ್ದದ್ದು.

ತೂತಿನ ಜಾಲರಿಯನ್ನು ವೃತ್ತಾಕಾರವಾಗಿ ಕತ್ತರಿಸಿ ತೆಗೆಸಿದೆ. ಅದರ ಜಾಗಕ್ಕೆ ಅಗಲ ಕಣ್ಣಿನ ತಂತಿಯ ಜಾಲರಿ ಬಂತು. ಫ್ಯಾನಿಗೂ ಜಾಲರಿಗೂ ನಡುವೆ ಒಂದು ಇಂಚು ಅಂತರ ಕೊಡಲು ಕೆಟ್ಟುಹೋದ ಫ್ಯಾನಿನ ರೆಕ್ಕೆ ಕಿತ್ತು, ಖಾಲಿ ಚೌಕಟ್ಟನ್ನು ಮಧ್ಯೆ ಇಟ್ಟೆ. ಸ್ಕ್ರೂಗಳ ಬದಲು ರಬ್ಬರಿನ ಗೂಟಗಳು. ಪೆಟ್ಟಿಗೆಯ ನಾಲ್ಕು ಕಾಲಿಗೂ ಹಳೆಯ ಸೈಕಲ್ ಟ್ಯೂಬಿನ ಮಡಿಕೆ. ಲೀನಿಯರನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆ. ವಾಲ್ವಿನ ಸುತ್ತ ಗಾಜಿನ ಚಿಮಣಿ ಇರುವುದರಿಂದ ಗಾಳಿ ಬುಡದಿಂದ ಮೇಲಕ್ಕೆ, ಪ್ಲೇಟಿನ ಟೋಪಿಯ ಕಡೆಗೇ ಹೋಗುತ್ತದೆ. ಪೆಟ್ಟಿಗೆಯಲ್ಲಿ ಬೇರೆ ಕಡೆ ಸೋರುತ್ತಿದ್ದ ಕಿಂಡಿಗಳನ್ನು ಮುಚ್ಚಿದ ಮೇಲೆ ಬಂದ ಗಾಳಿಯೆಲ್ಲ ಕೆಲಸಕ್ಕೆ ಬಿತ್ತು. ಇಷ್ಟಾದ ಮೇಲೆ ದೊಡ್ಡ ಫ್ಯಾನು ಹಾಕಿದೆ, ಆಮೇಲೆ ವೇಗ ಇಳಿಸಿದೆ. ಈ ಅನುಕ್ರಮ ತಿರುವುಮುರುವು ಮಾಡಬಾರದು.

ಈ ಎಲ್ಲ ಕೆಲಸಕ್ಕೆ ಬೆನ್ನು ಹತ್ತಿದವಳು ನನ್ನ ಸೊಸೆ. ಅವಳದು ಪಕ್ಕದ ಕೋಣೆಯಿಂದ ನಡೆಯುವ ಉದ್ಯೋಗ. “ಅತ್ತೆ, ನಿಮ್ಮ ಫ್ಯಾನು ನನ್ನ ಮೀಟಿಂಗ್‌ನಲ್ಲೂ ಮಾತಾಡ್ತಿದೆ” ಎಂದು ನಗುತ್ತಲೇ ಹೇಳಿದಳು. ಎರಡು ಕೋಣೆಗಳ ನಡುವೆ ಇಟ್ಟಿಗೆ ಗೋಡೆ ಇದ್ದರೂ ಸದ್ದು ಹೋಗುತ್ತಿದ್ದದ್ದು ಮೇಜಿನ ಮೂಲಕ, ಮೇಜಿಗೆ ತಾಗಿದ್ದ ಮರದ ಕಪಾಟಿನ ಮೂಲಕ. ಅವಳ ದೂರು ತೀರಿದ್ದು ಸೈಕಲ್ ಟ್ಯೂಬಿನ ತುಂಡುಗಳಿಂದ. ಅದಕ್ಕೆ ಖರ್ಚಾದದ್ದು ಏನೂ ಇಲ್ಲ.

ವೇಗ ಇಳಿಸುವ ವಿಧಾನದಲ್ಲಿ ರೇಡಿಯೋ ಜನರಿಗೆ ಮಾತ್ರ ಇರುವ ಒಂದು ತೊಡಕಿದೆ. ಈಗ ಸಿಗುವ ಅಗ್ಗದ ವೇಗ ನಿಯಂತ್ರಕಗಳು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಕೊಡುತ್ತವೆ. ಕಂಪ್ಯೂಟರಿನ ನಾಲ್ಕು ವೈರಿನ ಫ್ಯಾನುಗಳಿಗೆ ಹೋಗುವ ವೇಗದ ಸಂಕೇತವೂ 25 ಕಿಲೋಹರ್ಟ್ಸ್‌ನ ಕಡಿತವೇ. ಕಿವಿಗೆ ಅದು ಕೇಳಿಸದು. ಆದರೆ ಚೂಪಾಗಿ ಕಡಿದ ಕರೆಂಟು ತನ್ನ ಗುಣಕಗಳನ್ನು ಮೆಗಾಹರ್ಟ್ಸ್‌ವರೆಗೂ ಚೆಲ್ಲುತ್ತದೆ. ಗೆಳೆಯರೊಬ್ಬರ ಕೋಣೆಯಲ್ಲಿ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು, ಸ್ಪೀಕರಿನಲ್ಲಿ 7 ಮೆಗಾಹರ್ಟ್ಸ್ ಬ್ಯಾಂಡಿನ ತುಂಬ ಗರಗರ. ಫ್ಯಾನಿನ ಪ್ಲಗ್ ಕಿತ್ತರೆ ಗರಗರ ಮಾಯ. ನನ್ನ ಆಯ್ಕೆ ಹಳೆಯ ಕಾಲದ್ದು: ಎಲ್‌ಎಂ317 ಎಂಬ ಮೂರು ಕಾಲಿನ ರೆಗ್ಯುಲೇಟರ್, ಜೊತೆಗೆ ಹೊರಬರುವ ಗಾಳಿಯ ದಾರಿಯಲ್ಲಿ ಒಂದು ಥರ್ಮಿಸ್ಟರ್. ಗಾಳಿ ಬಿಸಿಯಾದಂತೆ ವೋಲ್ಟೇಜ್ ಏರುತ್ತದೆ, ಫ್ಯಾನು ಚುರುಕಾಗುತ್ತದೆ. ರೆಗ್ಯುಲೇಟರ್ ತಾನೂ ಸ್ವಲ್ಪ ಬಿಸಿಯಾಗುತ್ತದೆ, ಪೋಲು ನಿಜ, ಆದರೆ ಬ್ಯಾಂಡಿನಲ್ಲಿ ಕಸ ಚೆಲ್ಲುವುದಿಲ್ಲ. 12 ವೋಲ್ಟಿನ ಫ್ಯಾನನ್ನು ತೀರ ಕಡಿಮೆ ವೋಲ್ಟಿಗೆ ಇಳಿಸಿದರೆ ತಿರುಗುತ್ತಿರುವುದು ತಿರುಗುತ್ತಲೇ ಇರಬಹುದು, ಆದರೆ ನಿಂತದ್ದು ಮತ್ತೆ ಏಳುವುದಿಲ್ಲ. ಹಾಗಾಗಿ ಕನಿಷ್ಠ ಮಿತಿಯನ್ನು ನಿಂತಲ್ಲಿಂದ ಶುರುವಾಗುವ ವೋಲ್ಟಿಗಿಂತ ಮೇಲೆಯೇ ಇಡಬೇಕು. ಇದರ ಮೇಲೆ ಕಾವಲಿಗೆ ಒಂದು ಬೈಮೆಟಲ್ ಸ್ವಿಚ್. ಬಿಸಿ ಮಿತಿ ಮೀರಿದರೆ ಅದು ನನ್ನ ಜಾಣತನವನ್ನೆಲ್ಲ ಬದಿಗೊತ್ತಿ ಫ್ಯಾನಿಗೆ ಪೂರ್ತಿ 12 ವೋಲ್ಟ್ ಕೊಡುತ್ತದೆ.

ಬೇರಿಂಗಿನ ಬಗ್ಗೆ ಹೆಚ್ಚು ಹೇಳಲಾರೆ. ಬುಷ್ ಬೇರಿಂಗಿನ ಫ್ಯಾನು ಹೊಸದರಲ್ಲಿ ಸದ್ದು ಕಡಿಮೆ, ಬಿಸಿಗೆ ಎಣ್ಣೆ ಆರಿದ ಮೇಲೆ ಕಿರುಗುಟ್ಟುತ್ತದೆ. ಬಾಲ್ ಬೇರಿಂಗಿನದು ಮೊದಲ ದಿನದಿಂದ ಸಣ್ಣಗೆ ಗೊಣಗುತ್ತದೆ, ಬಹುಕಾಲ ಬಾಳುತ್ತದೆ. ಬಿಸಿ ಜಾಗಕ್ಕೆ ಎರಡನೆಯದೇ ವಾಸಿ.

ಇಷ್ಟು ಹೊತ್ತು ಹೇಳಿದ್ದು ಗಾಜಿನ ವಾಲ್ವಿನ ಕಥೆ. ಸೆರಾಮಿಕ್ ವಾಲ್ವುಗಳ ಜಾತಿಯೇ ಬೇರೆ. ಅಮೆರಿಕದ 8877, ರಷ್ಯಾದ ಜಿಯು-74ಬಿ ಇಂಥವು. ಇವುಗಳಲ್ಲಿ ಶಾಖ ವಿಕಿರಣವಾಗಿ ಹೊರಬೀಳುವುದಿಲ್ಲ. ಆನೋಡಿಗೆ ಒತ್ತೊತ್ತಾಗಿ ಲೋಹದ ರೆಕ್ಕೆಗಳಿರುತ್ತವೆ, ಅವುಗಳ ಸಂದಿಯಲ್ಲಿ ಗಾಳಿಯನ್ನು ನುಗ್ಗಿಸಬೇಕು. 1500 ವಾಟ್ ಶಾಖ ತಾಳುವ 8877ರ ಮೈ 250 ಡಿಗ್ರಿ ದಾಟಬಾರದು. ಬಾಗಿಲು ಕಿರಿದು, ಆದ್ದರಿಂದ ಒತ್ತಡ ಬೇಕೇ ಬೇಕು. ನಾನು ಮೇಲೆ ಹೊಗಳಿದ ಅಗಲವಾದ ನಿಧಾನ ಫ್ಯಾನು ಇಲ್ಲಿ ಕೈಲಾಗದ್ದು. ಡ್ರಮ್ಮಿನಂತೆ ಸುತ್ತುವ ಬ್ಲೋವರೇ ಆಗಬೇಕು, ಅದು ಕಿರುಚುತ್ತದೆ.

ಕಿರುಚುವುದನ್ನು ತಡೆಯಲಾಗದಿದ್ದರೆ ಅದನ್ನು ಕೋಣೆಯಿಂದ ಆಚೆ ಕಳಿಸಬಹುದು. ಮಂಗಳೂರಿನ ಪರಿಚಿತರೊಬ್ಬರು ಬ್ಲೋವರನ್ನು ಬಾಲ್ಕನಿಯಲ್ಲಿಟ್ಟು, ಅಡುಗೆಮನೆಯ ಚಿಮಣಿಗೆ ಹಾಕುವ ಬಾಗುವ ಅಲ್ಯೂಮಿನಿಯಂ ಪೈಪಿನಲ್ಲಿ ಗಾಳಿಯನ್ನು ಕಿಟಕಿಯ ಮೂಲಕ ಲೀನಿಯರಿಗೆ ತಂದಿದ್ದಾರೆ. ಬ್ಲೋವರಿನ ಸುತ್ತ ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಫೋಮು, ಗಾಳಿ ಒಂದು ತಿರುವು ತೆಗೆದುಕೊಂಡು ಒಳಬರುವ ಹಾಗೆ ಬಾಯಿ. ಗಾಳಿ ತಿರುವಿನಲ್ಲಿ ಬಾಗಿ ಸಾಗುತ್ತದೆ, ಸದ್ದು ಫೋಮಿಗೆ ಬಡಿದು ಸೊರಗುತ್ತದೆ. ಮೇಲೆ ಮಳೆಗೆ ಮಾಡು, ಬಾಯಿಗೆ ಸೊಳ್ಳೆಪರದೆಗಿಂತ ದೊಡ್ಡ ಕಣ್ಣಿನ ಬಲೆ. ಕರಾವಳಿಯ ಉಪ್ಪುಗಾಳಿ ನಿಧಾನವಾಗಿ ಲೋಹ ತಿನ್ನುವುದು ಮಾತ್ರ ಅವರ ಚಿಂತೆ.

ಪೈಪು ಉದ್ದವಾದಷ್ಟೂ, ಸುಕ್ಕುಸುಕ್ಕಾದಷ್ಟೂ ಒತ್ತಡ ದಾರಿಯಲ್ಲೇ ಸವೆಯುತ್ತದೆ. ಅಳೆಯಲು ದುಬಾರಿ ಉಪಕರಣ ಬೇಡ. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿ ಹಿಡಿಯುವ ಪಾರದರ್ಶಕ ಪೈಪು ಸಾಕು. ಅದನ್ನು ‘ಯು’ ಆಕಾರಕ್ಕೆ ಹಲಗೆಗೆ ಬಿಗಿದು, ಒಂದು ತುದಿಯನ್ನು ಲೀನಿಯರಿನ ತಳಪೆಟ್ಟಿಗೆಗೆ, ವಾಲ್ವಿನ ಸಾಕೆಟ್ಟಿನ ಹತ್ತಿರ ಹೊರಗಿನಿಂದ ಜೋಡಿಸಿದರೆ ಎರಡು ಕಾಲಿನ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. 8877ರಂಥದ್ದಕ್ಕೆ ಬೇಕಾಗುವುದು ಸುಮಾರು ಒಂದು ಸೆಂಟಿಮೀಟರ್ ನೀರು. ಕೇಳಲು ಏನೂ ಅಲ್ಲ, ಆದರೆ ಸಾಮಾನ್ಯ ಫ್ಯಾನುಗಳಿಗೆ ಅಷ್ಟು ಎತ್ತುವ ತಾಕತ್ತಿಲ್ಲ. ಅಳೆಯಬೇಕಾದದ್ದು ಬ್ಲೋವರಿನ ಬಾಯಲ್ಲಲ್ಲ, ವಾಲ್ವಿನ ಬುಡದಲ್ಲಿ.

ಹೊಸ ತಲೆಮಾರಿನ ಲೀನಿಯರುಗಳಲ್ಲಿ ವಾಲ್ವೇ ಇಲ್ಲ. ಅಂಗೈಗಿಂತ ಚಿಕ್ಕದಾದ ಒಂದೇ ಟ್ರಾನ್ಸಿಸ್ಟರು ಸಾವಿರ ವಾಟ್ ದಾಟಿಸುತ್ತದೆ. ಫಿಲಮೆಂಟ್ ಇಲ್ಲ, ಹಾಗಾಗಿ ಕೇಳುತ್ತಾ ಕೂತಾಗ ಫ್ಯಾನು ಬಹುಮಟ್ಟಿಗೆ ಸುಮ್ಮನಿರಬಹುದು. ಆದರೂ ಕೆಲವರ ಮನೆಯಲ್ಲಿ ಇವು ವಾಲ್ವಿನದ್ದಕ್ಕಿಂತ ಹೆಚ್ಚು ಕಿರಿಕಿರಿ. ಮಾತಾಡಿದ ತಕ್ಷಣ ಭರ್ರೆಂದು ಏಳುವುದು, ನಿಲ್ಲಿಸಿದರೆ ಇಳಿಯುವುದು, ಮತ್ತೆ ಏಳುವುದು. ಒಂದೇ ಸಮನೆ ಇರುವ ಸದ್ದಿಗೆ ಮನುಷ್ಯ ಒಗ್ಗುತ್ತಾನೆ, ಏರಿಳಿಯುವುದಕ್ಕೆ ಒಗ್ಗುವುದಿಲ್ಲ. ಇಷ್ಟೊಂದು ಅವಸರ ಯಂತ್ರಕ್ಕೆ ಬೇಕಾಗಿಯೂ ಇಲ್ಲ. 5 ಕಿಲೋ ಅಲ್ಯೂಮಿನಿಯಮ್ಮಿನ ಹೀಟ್‌ಸಿಂಕು ಒಂದು ಡಿಗ್ರಿ ಬಿಸಿಯಾಗಲು 4500 ಜೌಲ್ ನುಂಗುತ್ತದೆ. 250 ವಾಟ್ ಶಾಖವನ್ನು ಒಂದು ಪೂರ್ತಿ ನಿಮಿಷ ಸುರಿದರೂ ಅದರ ಸರಾಸರಿ ಬಿಸಿ ಏರುವುದು ಮೂರು ಡಿಗ್ರಿ ಚಿಲ್ಲರೆ. ಟ್ರಾನ್ಸಿಸ್ಟರಿನ ಕೆಳಗೆ ದಪ್ಪ ತಾಮ್ರದ ತಟ್ಟೆ ಇದ್ದು ಶಾಖ ಬೇಗ ಹರಡುವಂತಿದ್ದರೆ ಫ್ಯಾನು ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯಬಹುದು. ಇದು ಮಾತಾಡುವವರ ಲೆಕ್ಕ. ಎಫ್‌ಟಿ8 ಎಂಬ ಕಂಪ್ಯೂಟರ್ ಸಂವಹನದಲ್ಲಿ 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡು ಪೂರ್ತಿ ಶಕ್ತಿ ಹರಿಯುತ್ತದೆ, ಮಾತಿನಂತೆ ಉಸಿರು ಬಿಡುವ ಸಂದಿಗಳಿಲ್ಲ. ಅದಕ್ಕೆ ಲೀನಿಯರ್ ಯಾಕೆ ಬೇಕು ಎನ್ನುವುದೇ ನನ್ನ ಪ್ರಶ್ನೆ. ಹತ್ತಿಪ್ಪತ್ತು ವಾಟ್‌ನಲ್ಲಿ ಪ್ರಪಂಚ ಸುತ್ತುವ ವಿಧಾನ ಅದು.

ಮೈಕಿನ ಕಡೆ ಮಾಡಬಹುದಾದದ್ದೂ ಇದೆ. ಸೆಟ್ಟಿನಲ್ಲಿರುವ ಸ್ಪೀಚ್ ಪ್ರೊಸೆಸರ್ ಸಣ್ಣ ದನಿಯನ್ನು ಎತ್ತಿ ದೊಡ್ಡದಕ್ಕೆ ಸಮ ಮಾಡುತ್ತದೆ. 10 ಡೆಸಿಬೆಲ್ ಎತ್ತಿದರೆ ಮಾತಿನ ನಡುವಿನ ಮೌನದಲ್ಲಿ ಫ್ಯಾನೂ 10 ಡೆಸಿಬೆಲ್ ಎದ್ದು ಕೂರುತ್ತದೆ. ಪ್ರೊಸೆಸರನ್ನು ತಗ್ಗಿಸಿ, ಬಾಯಿಗೆ ಹತ್ತಿರ ಹಿಡಿದು ಮಾತಾಡಿ, ಮೈಕಿನ ಬೆನ್ನು ಲೀನಿಯರಿನ ಕಡೆಗಿರಲಿ. ಕಿವಿ ಮುಚ್ಚುವ ಹೆಡ್‌ಫೋನು ಕೇಳುವ ಕಷ್ಟವನ್ನು ಅರ್ಧ ತೀರಿಸುತ್ತದೆ. ಆದರೆ ಅದು ನನ್ನ ಕಿವಿಗೆ ಮಾತ್ರ, ಪಕ್ಕದ ಕೋಣೆಗೆ ಅದರಿಂದ ಏನೂ ಆಗದು.

ಫ್ಯಾನನ್ನು 12 ವೋಲ್ಟಿಗೆ ಬದಲಿಸಿದ್ದರಲ್ಲಿ ನಾನು ಎಣಿಸದಿದ್ದ ಒಂದು ಅನುಕೂಲ ಸಿಕ್ಕಿತು. ಮೊದಲಿನ ಏಸಿ ಫ್ಯಾನು ಲೀನಿಯರಿನ ಜೊತೆ ಒಂದೇ ಪ್ಲಗ್ಗಿನಲ್ಲಿತ್ತು. ಮಾತಿನ ನಡುವೆ ಕರೆಂಟು ಹೋದರೆ ಕಾದ ವಾಲ್ವಿನ ಮುಂದೆ ಫ್ಯಾನೂ ನಿಲ್ಲುತ್ತಿತ್ತು. ಈಗ ಅದು ಸೆಟ್ಟಿನ ಬ್ಯಾಟರಿಯಿಂದಲೇ ತಿರುಗುತ್ತದೆ, ಕರೆಂಟು ಹೋದ ಮೇಲೂ ಗಾಳಿ ತಣ್ಣಗಾಗುವವರೆಗೆ ತಿರುಗಿ ಆಮೇಲೆ ತಾನೇ ನಿಲ್ಲುತ್ತದೆ. ಸೆರಾಮಿಕ್ ವಾಲ್ವು ಇಟ್ಟುಕೊಂಡವರಿಗೆ ಈ ಏರ್ಪಾಡು ಇನ್ನೂ ಅಗತ್ಯ. ಧೂಳಿನ ಕೆಲಸ ಮಾತ್ರ ತಪ್ಪಿದ್ದಲ್ಲ. ರೆಕ್ಕೆಯ ಅಂಚಿಗೆ ಧೂಳು ಹತ್ತಿದರೂ ಸದ್ದು ಬದಲಾಗುತ್ತದೆ, ಫಿಲ್ಟರಿನ ಸ್ಪಂಜು ಕಟ್ಟಿಕೊಂಡರೆ ಥರ್ಮಿಸ್ಟರು ಫ್ಯಾನನ್ನು ಓಡಿಸತೊಡಗುತ್ತದೆ. ಮಾರ್ಚ್ ಹೊತ್ತಿಗೆ, ಸೆಕೆ ಏರುವ ಮುನ್ನ, ಸ್ಪಂಜು ತೊಳೆದು ಒಣಗಿಸಿ ಹಾಕುತ್ತೇನೆ.

ಫ್ಯಾನು ತಗ್ಗಿದ ಮೇಲೆ ಈಗ ಟ್ರಾನ್ಸ್‌ಫಾರ್ಮರು ಕೇಳಿಸುತ್ತಿದೆ. 100 ಹರ್ಟ್ಸ್‌ನ ಗುಂಯ್, ಮೊದಲಿನಿಂದಲೂ ಇದ್ದದ್ದೇ. ಅದನ್ನು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿಟ್ಟು ಮೇಜಿನ ಕೆಳಗೆ ಸರಿಸಬಹುದು. ಹಾಗೆ ಮಾಡಿದರೆ ಮೂರು ಸಾವಿರ ವೋಲ್ಟಿನ ಕೇಬಲ್ಲು ನಡೆದಾಡುವ ಜಾಗದಲ್ಲಿ ಬರುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ಸದ್ಯಕ್ಕೆ ಅದರ ಬೋಲ್ಟುಗಳನ್ನು ಬಿಗಿ ಮಾಡಿಸಿ, ಕೆಳಗೆ ಇನ್ನೆರಡು ಮಡಿಕೆ ಸೈಕಲ್ ಟ್ಯೂಬು ಹಾಕಿದ್ದೇನೆ.